ಆಯೇರಿಯ ಹಸಿರು ಸೀರೆ

ಜೇವರ್ಗಿ,
೧೨ ಫೆಬ್ರುವರಿ ೨೦೨೫

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಪಲ್ಲವಿಯ ನಮಸ್ಕಾರಗಳು. ಮೊದಲು ನಿಮ್ಮ ಮೊಣಕಾಲಿನ ಸುದ್ದಿ ಹೇಳಿ. ಸೊಲ್ಲಾಪುರದ ಆ ಮೆಟ್ಟಿಲುಗಳನ್ನು ಹತ್ತಿ ಇಳಿದು ಊದಿಸಿಕೊಂಡಿಲ್ಲ ತಾನೇ? ನಮ್ಮ ಬಾಣಂತಿ ಸುಮಂಗಲಕ್ಕನಿಗೆ ಕೂಸು ರಾತ್ರಿ ನಿದ್ದೆ ಮಾಡಗೊಡುತ್ತದೆಯೇ? ಮೊಮ್ಮಗಳ ಮೂಗು ನಿಮ್ಮದೇ ಎಂದು ಹೇಳಿದ್ದಿರಿ. ಫೋಟೋ ನೋಡಿದ ನಿಮ್ಮ ಮಗ, ‘ಕೂಸಿಗಿನ್ನೂ ಮೂಗೇ ಬಂದಿಲ್ಲ, ಅವ್ವ ಆಗ್ಲೇ ಪಾಲು ಕೇಳಾಕತ್ತಾಳ’ ಎಂದು ನಕ್ಕರು. ಇಲ್ಲಿ ನಾವು ನಾಲ್ವರೂ ಗಟ್ಟಿಯಾಗಿದ್ದೇವೆ. ನೆಲೋಗಿಯಿಂದ ಎಳೆ ಜೋಳದ ಸೀತನಿ ಬಂದಿತ್ತು, ನಿಮ್ಮನ್ನು ನೆನೆದು ನಿಮ್ಮ ಪಾಲನ್ನೂ ನಾವೇ ತಿಂದೆವು.

ಈಗ ಬರೆಯುವುದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನೊಂದು ಮಾತು ಶುರು ಮಾಡುವಷ್ಟರಲ್ಲಿ ನೀವು ನಾಲ್ಕು ಮಾತು ಮುಗಿಸಿರುತ್ತೀರಿ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಸಿಟ್ಟಾಗಬೇಡಿ, ನಗುತ್ತಲೇ ಬರೆಯುತ್ತಿದ್ದೇನೆ.

ಮಕ್ಕಳ ವಿಷಯ ಕೇಳಿ. ಯಶೋಧರಾ ಈಗ ಮನೆಯ ಸಾಹೇಬಳಾಗಿದ್ದಾಳೆ. ಯಾರಿಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಓಡಿಹೋಗಿ ಬಂದ್ ಮಾಡುತ್ತಾಳೆ. ಮೊನ್ನೆ ಅವಳಪ್ಪ ಕೂತಿದ್ದ ಕೋಣೆಯ ಫ್ಯಾನನ್ನೂ ಬಂದ್ ಮಾಡಿ, ‘ಅಪ್ಪಾ, ನೀ ಕಾಣ್ಲೇ ಇಲ್ಲ’ ಅಂದಳು. ಗೌತಮನ ಕೂದಲು ಕಣ್ಣಿಗೆ ಬೀಳುವಷ್ಟು ಬೆಳೆದಿದೆ. ಜಾವಳ ಆಗುವವರೆಗೆ ಕತ್ತರಿ ತಾಗಿಸುವಂತಿಲ್ಲವಲ್ಲ, ಅಕ್ಕ ಅವನಿಗೆ ಎರಡು ಜುಟ್ಟು ಕಟ್ಟಿ ರಿಬ್ಬನ್ ಹಾಕುತ್ತಾಳೆ. ಪಕ್ಕದ ಮನೆಯ ಖಾಸೀಂಬಿ, ‘ಏನ್ ಬೇ, ಇನ್ನೊಂದು ಹುಡುಗಿ ಯಾವಾಗ ಹಡದಿ?’ ಎಂದು ದಿನಾ ಕೇಳುತ್ತಾರೆ.

ದೊಡ್ಡ ಸುದ್ದಿಯೆಂದರೆ ಅಂಗಡಿಯದು. ಇವರು ಕೆಲಸ ಮಾಡುವ ಮೋಟಾರ್ ವೈಂಡಿಂಗ್ ಅಂಗಡಿಯ ಮಾಲಕರಾದ ಇಮಾಮಸಾಬ ಚಾಚಾಗೆ ಈಗ ಕಣ್ಣು ಸರಿಯಾಗಿ ಕಾಣುತ್ತಿಲ್ಲ. ಸುಟ್ಟ ಮೋಟಾರಿಗೆ ತಂತಿ ಸುತ್ತುವುದು ಅಂದಾಜಿನ ಮೇಲೆ ಆಗುವ ಕೆಲಸವಲ್ಲ. ಹೋದ ವಾರ ಇವರನ್ನು ಕೂರಿಸಿಕೊಂಡು, ‘ಅಜಯಾ, ನನ್ನ ಮಕ್ಕಳು ಯಾರೂ ಈ ಧಂದೆಕ್ಕ ಬರಂಗಿಲ್ಲ. ಯುಗಾದಿ ಒಳಗ ಡಿಪಾಜಿಟ್ ಕಟ್ಟಿದ್ರ ದುಕಾನು ನಿಂದು. ಇಲ್ಲಾಂದ್ರ ಕಲಬುರಗಿಯವ ಒಬ್ಬ ಕಾಯಾಕತ್ಯಾನ, ನಾ ಏನ್ ಮಾಡ್ಲಿ?’ ಅಂದರಂತೆ. ಅವತ್ತು ಊಟಕ್ಕೆ ಕೂತವರು ರೊಟ್ಟಿ ಮುರಿಯುವುದನ್ನೇ ಮರೆತಿದ್ದರು. ಇಷ್ಟು ವರ್ಷ ಇನ್ನೊಬ್ಬರ ಅಂಗಡಿಯ ಬಾಗಿಲು ತೆಗೆದು, ಇನ್ನೊಬ್ಬರ ಅಂಗಡಿಯ ಕಸ ಹೊಡೆದವರು ಅವರು. ಅವರ ಮುಖದ ಮೇಲೆ ಅಂಥ ಆಸೆಯನ್ನು ನಾನು ನಮ್ಮ ಮದುವೆಯ ದಿನವೂ ನೋಡಿರಲಿಲ್ಲ. ನನಗೆ ಖುಷಿಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಪೋಸ್ಟಾಫೀಸಿನಲ್ಲಿ ತಿಂಗಳು ತಿಂಗಳು ಕಟ್ಟಿದ್ದು, ನಾನು ಸೀರೆಗೆ ಫಾಲ್ ಹಚ್ಚಿ, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದು ಉಳಿಸಿದ್ದು ಎಲ್ಲ ಸೇರಿದರೆ ಡಿಪಾಜಿಟ್ಟಿಗೆ ಸರಿಯಾಗುತ್ತದೆ. ಅದಕ್ಕಿಂತ ಹೆಚ್ಚು ಏನೂ ಉಳಿಯುವುದಿಲ್ಲ. ಪರವಾಗಿಲ್ಲ. ಬೇಸಿಗೆ ಬಂತೆಂದರೆ ಸುತ್ತಲ ಹೊಲಗಳ ಮೋಟಾರುಗಳು ಸಾಲುಸಾಲಾಗಿ ಸುಡುತ್ತವೆ, ದುಡಿಯುವ ಕೈ ನಮ್ಮದು. ಸಂಬಳದ ದಾರಿ ಕಾಯದೆ, ಮಕ್ಕಳ ಫೀಸಿಗೆ ಯಾರ ಮುಂದೆಯೂ ನಿಲ್ಲದೆ ಬಾಳಬೇಕೆಂದು ನಾವಿಬ್ಬರೂ ಎಷ್ಟು ಕನಸು ಕಂಡಿದ್ದೇವೆ ನಿಮಗೆ ಗೊತ್ತು.

ಆದರೆ ಅತ್ತೆ, ಜಾವಳ ಇದೆಯಲ್ಲ! ಸೊಲ್ಲಾಪುರಕ್ಕೆ ಹೋಗುವಾಗ ಬಸ್ಸು ಹೊರಟ ಮೇಲೂ ನೀವು ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಮಮ್ಮಗನ ಜಾವಳಕ್ಕ ಒಬ್ಬರಿಗೂ ಆಯೇರಿ ತಪ್ಪಬಾರದು ನೋಡ್ ಬೇ’ ಎಂದು ಕೂಗಿದ್ದು ಇಡೀ ಸ್ಟ್ಯಾಂಡಿಗೆ ಕೇಳಿಸಿತು. ನಮ್ಮ ಬಳಗ ಸಣ್ಣದಲ್ಲ. ಗಂಡಸರಿಗೆ ಟವೆಲ್ಲು ಟೋಪಿ, ಹೆಂಗಸರಿಗೆ ಸೀರೆ ಕುಬಸ ಅಂತ ಎಲ್ಲರಿಗೂ ಆಯೇರಿ ಮಾಡಿದರೆ ಅಂಗಡಿ ಕೈತಪ್ಪುತ್ತದೆ, ಅಂಗಡಿ ಹಿಡಿದರೆ ಆಯೇರಿಗೆ ದುಡ್ಡಿಲ್ಲ. ‘ಅವರೂ ನಮಗ ತರ್ತಾರಲ್ಲ’ ಅನ್ನುತ್ತೀರಿ. ತರುತ್ತಾರೆ, ಏನು ತರುತ್ತಾರೆಂದು ಕೇಳಿ. ಯಡ್ರಾಮಿಯಲ್ಲಿ ನಿಮ್ಮ ತಂಗಿ ನಿಂಬೆವ್ವ ಸಣ್ಣತ್ತೆ ಮಗಳ ಮದುವೆ ಮಾಡಿದಾಗ ನಾವು ಹಸಿರು ಸೀರೆ ಕೊಟ್ಟಿದ್ದೆವಲ್ಲ? ಬರೀ ಸೀರೆ ಕೊಡುವುದು ಚೆನ್ನಾಗಿರುವುದಿಲ್ಲವೆಂದು ನಾನೇ ಫಾಲ್ ಹಚ್ಚಿದ್ದೆ. ಹಸಿರು ದಾರ ತೀರಿಹೋಗಿ, ಕೊನೆಯ ಒಂದು ಮೊಳವನ್ನು ಗುಲಾಬಿ ದಾರದಲ್ಲಿ ಹೊಲಿದಿದ್ದೆ. ಹೋದ ತಿಂಗಳು ಅಫಜಲಪುರದ ಗುರುನಾಥ ಮಾವನ ಹೊಸ ಮನೆಯ ಶಾಂತಿಯಲ್ಲಿ ನನಗೆ ಬಂದ ಆಯೇರಿಯನ್ನು ಬಿಚ್ಚಿ ನೋಡುತ್ತೇನೆ, ಅದೇ ಹಸಿರು ಸೀರೆ, ಅದೇ ಗುಲಾಬಿ ದಾರ! ಯಾರೂ ಉಟ್ಟಿಲ್ಲ, ಮಡಿಕೆ ಕೂಡ ಬಿಚ್ಚಿಲ್ಲ. ಮದುವೆಯಾದಾಗಿನಿಂದ ನಾನು ಹತ್ತಿದ್ದಕ್ಕಿಂತ ಹೆಚ್ಚು ಬಸ್ಸು ಆ ಸೀರೆ ಹತ್ತಿದೆ. ಇವರು ನಕ್ಕು ನಕ್ಕು ನೆಲಕ್ಕೆ ಕೂತರು. ನಾನೂ ನಕ್ಕೆ, ಆಮೇಲೆ ಹೊಟ್ಟೆ ಉರಿಯಿತು. ನಾವು ಕೊಂಡದ್ದನ್ನು ಅವರು ಉಡುವುದಿಲ್ಲ, ಅವರು ಕೊಂಡದ್ದನ್ನು ನಾವು ಉಡುವುದಿಲ್ಲ. ಟ್ರಂಕಿನಿಂದ ಟ್ರಂಕಿಗೆ ತಿರುಗುವ ಬಟ್ಟೆಗಾಗಿ ಇಡೀ ಬಳಗ ದುಡಿಯುತ್ತಿದೆ.

ನಿಮ್ಮ ಮೇಲೆ ತಪ್ಪು ಹೊರಿಸುತ್ತಿಲ್ಲ. ನೀವು ಹೊಲಗಳಲ್ಲಿ ಕೂಲಿ ಮಾಡಿ ಮಕ್ಕಳನ್ನು ಬೆಳೆಸಿದವರು. ಬಳಗದ ಮುಂದೆ ಕೈ ಕಟ್ಟಿ ನಿಂತ ದಿನಗಳು ನಿಮಗೆ ಮರೆತಿಲ್ಲ, ಅದಕ್ಕೇ ಕೊಡುವಾಗ ನಿಮ್ಮ ಕೈ ಹಿಂದೆ ಸರಿಯುವುದಿಲ್ಲ. ಅದು ನನಗೆ ಅರ್ಥವಾಗುತ್ತದೆ. ಅದಕ್ಕೇ ಹೆದರಿಕೆಯೂ ಆಗುತ್ತದೆ. ಏನು ಮಾಡೋಣವೆಂದು ಇವರು ಕೇಳಿದಾಗ, ‘ನೀವು ಸುಮ್ಮಕಿರ್ರಿ, ಅತ್ತೀಗೆ ನಾ ಬರೀತೇನಿ’ ಎಂದೆ.

ಸುಮಂಗಲಕ್ಕನಿಗೆ ಬಿಸಿನೀರು ತಪ್ಪಿಸಬೇಡಿ, ನೀವೂ ಹೊತ್ತಿಗೆ ಸರಿಯಾಗಿ ಉಣ್ಣಿ. ಕೂಸಿಗೆ ನನ್ನ ಲೆಕ್ಕದಲ್ಲಿ ಎರಡು ಮುತ್ತು ಕೊಡಿ. ಯಶೋಧರಾ, ಗೌತಮ ಇಬ್ಬರೂ ಆಯಿ ಯಾವಾಗ ಬರುತ್ತಾಳೆಂದು ಬಾಗಿಲು ನೋಡುತ್ತಾರೆ.

ನಿಮ್ಮ ಪ್ರೀತಿಯ ಸೊಸೆ,
ಪಲ್ಲವಿ

ತಾ.ಕ.: ಇದನ್ನು ಮನಸ್ಸಿನಲ್ಲೇ ಓದಿಕೊಳ್ಳಿ, ಬಾಯಿಬಿಟ್ಟು ಓದಬೇಡಿ. ಜಾವಳವನ್ನು ಯುಗಾದಿಯ ನಂತರದ ಸೋಮವಾರಕ್ಕೆ ಇಟ್ಟುಕೊಂಡಿದ್ದೇವೆ. ಬಂದವರಿಗೆಲ್ಲ ಹೋಳಿಗೆ ಊಟ, ಆಯೇರಿ ಮಾತ್ರ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ ಎಂದು ಬಳಗಕ್ಕೆಲ್ಲ ಹೇಳಿಯಾಗಿದೆ. ನನ್ನ ಹೆಸರಿನಲ್ಲಿ ಹೇಳಿದ್ದರೆ ಯಾರು ಕೇಳುತ್ತಿದ್ದರು? ‘ಇದು ನಮ್ಮ ಅತ್ತಿ ಮಾತು’ ಎಂದು ಹೇಳಿದೆ. ನಿಂಬೆವ್ವ ಸಣ್ಣತ್ತೆ, ‘ನಮ್ಮಕ್ಕ ಹಂಗ ಅಂದಳಾ? ಛಲೋ ಆತ್ ಬಿಡ್. ನಾನೂ ಎಷ್ಟೋ ವರ್ಷದಿಂದ ಅನ್ಬೇಕಂತಿದ್ನಿ, ಅಕ್ಕ ಏನಂದಾಳೋ ಅಂತ ಅಂಜಿ ಕುಂತಿದ್ನಿ’ ಅಂದರು. ಗುರುನಾಥ ಮಾವನೂ ಅದೇ ಮಾತು ಆಡಿದರು. ಆ ಧೈರ್ಯದ ಮೇಲೆ ನಿನ್ನೆ ಚಾಚಾಗೆ ಡಿಪಾಜಿಟ್ ಕೊಟ್ಟುಬಿಟ್ಟೆವು. ಈ ಕಾಗದ ತಂದುಕೊಟ್ಟ ಸಣ್ಣತ್ತೆ ಕಣ್ಣಿನ ಡಾಕ್ಟರಿಗೆ ತೋರಿಸಲು ಸೊಲ್ಲಾಪುರಕ್ಕೆ ಬಂದವರು, ಈಗ ನಿಮ್ಮ ಎದುರಿಗೇ ಕೂತಿರುತ್ತಾರೆ. ಈ ಮಾತು ನಿಜವೇ ಎಂದು ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ನಿಮ್ಮ ಕಾಲಿಗೆ ಬೀಳುತ್ತೇನೆ, ‘ಹೌದ್ ಬೇ, ನಾನೇ ಅಂದೇನಿ’ ಅಂದುಬಿಡಿ. ನನ್ನ ಪಾಲಿನ ಬೈಗುಳವನ್ನೆಲ್ಲ ನೀವು ಊರಿಗೆ ಬಂದ ಮೇಲೆ ನಮ್ಮ ಅಂಗಡಿಯ ಬಾಗಿಲಲ್ಲಿ ನಿಂತು ಕೇಳುತ್ತೇನೆ.