ಎಡ ತಿರುವಿನಲ್ಲಿ ಹಳದಿ ಈಗ ಕೆಮ್ಮುವುದಿಲ್ಲ

ಶಾರದಕ್ಕಾ,

ಮೊದಲು ನಿನ್ನ ಕಾರಿನ ಸುದ್ದಿ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀನು ಬೇರೆ ಏನನ್ನೂ ಓದುವವಳಲ್ಲ. ಹಳದಿ ಚೆನ್ನಾಗಿದೆ. ಆದರೆ ಅದರ ಎರಡು ಕಾರ್ಬುರೇಟರನ್ನೂ ನಾನೇ ಕೈಯಾರೆ ಬಿಚ್ಚಿ ತೆಗೆದಿದ್ದೇನೆ. ತಾಳು, ಪೂರ್ತಿ ಓದು, ಆಮೇಲೆ ಬೈಯುವೆಯಂತೆ.

ನೀನು ಕಣ್ಣು ಮುಚ್ಚಿ ಕೆಲವು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಕೃಷ್ಣಪ್ಪ ಭಾವ ಕೋಲಾರದ ನಮ್ಮ ಲೇತ್ ಅಂಗಡಿಗೆ ಬಂದರು. ಅಂಗಡಿ ನಡೆಸುತ್ತಿದ್ದ ನಮ್ಮ ಅಬ್ಬಾ ಇದ್ದಾಗಲೂ ಒಳಗೆ ಕಾಲಿಡದೆ ರಸ್ತೆಯಲ್ಲೇ ನಿಂತು ನಿನ್ನನ್ನು ಕರೆಯುತ್ತಿದ್ದ ಮನುಷ್ಯ, ಸೀದಾ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ನೋಡಿದರೆ ಒಂದು ಹುಬ್ಬು ಅರ್ಧ ಇಲ್ಲ!

"ಏಮ್ಮಾ ನೂರಿ, ನಿಮ್ಮಕ್ಕನ ಕಾರು ನನ್ನ ಹುಬ್ಬು ತಿಂದ್ಬಿಡ್ತು."

ಸುಗಟೂರಿನ ಮನೆಯ ಶೆಡ್ಡಿನಲ್ಲಿ ಹಳದಿಯನ್ನು ಸ್ಟಾರ್ಟ್ ಮಾಡಲು ಹೋಗಿದ್ದಾರೆ. ಚೋಕ್ ಎಳೆದು, ಆಕ್ಸಿಲರೇಟರ್ ತುಳಿದೂ ತುಳಿದೂ ಪೆಟ್ರೋಲ್ ತುಂಬಿಸಿ, ಆಮೇಲೆ ಹಾಲಿನವನಿಗೆ ಕೀ ತಿರುಗಿಸು ಅಂತ ಹೇಳಿ ತಾವು ಬಾನೆಟ್ ಕೆಳಗೆ ಬಗ್ಗಿದ್ದಾರೆ. ಕಾರ್ಬುರೇಟರ್ ಬೆಂಕಿ ಉಗುಳಿದೆ. ನಗಬೇಡ ಅಕ್ಕಾ. ನಾನೂ ನಗಲಿಲ್ಲ. ಸರಿ, ಸ್ವಲ್ಪ ನಕ್ಕೆ.

"ನೀವ್ಯಾಕೆ ಭಾವ ಅದನ್ನ ಮುಟ್ಟಕ್ಕೆ ಹೋದ್ರಿ?" ಎಂದೆ.

"ಓಡಿಸ್ಬೇಕು ಅನ್ನಿಸ್ತು" ಎಂದರು, ಲೇತಿನ ಕಡೆ ನೋಡುತ್ತಾ.

ಈ ಮಾತು ಅವರ ಬಾಯಲ್ಲಿ! ಟೊಮೆಟೊ ಮಂಡಿಯಲ್ಲಿ ಎಲ್ಲರ ಮುಂದೆ ಆ ಕಾರನ್ನು 'ನನ್ನ ಸವತಿ' ಎನ್ನುತ್ತಿದ್ದವರು, ಮದುವೆಯಾದಾಗಿನಿಂದ ಒಂದು ಸಲವೂ ಅದರಲ್ಲಿ ಕೂರದವರು. ನೀನು ಕೇಳಿದ್ದರೆ ಏನನ್ನುತ್ತಿದ್ದೆಯೋ...

ನಮ್ಮ ಮೊದಲ ರ‍್ಯಾಲಿ ನೆನಪಿದೆಯಾ? ಸ್ಟಾರ್ಟಿನಲ್ಲಿ ಬಾವುಟ ಹಿಡಿದವನು ಕಿಟಕಿಯಲ್ಲಿ ಬಗ್ಗಿ, "ಡ್ರೈವರ್ ಎಲ್ಲಮ್ಮಾ?" ಎಂದು ಕೇಳಿದ್ದ. ನೀನು ಗೇರ್ ಹಾಕಿ ಅವನ ಮುಖಕ್ಕೆ ಧೂಳು ಎರಚಿ ಹೊರಟೆ. ಪಕ್ಕದಲ್ಲಿ ಕೂತು ಮುಂದಿನ ತಿರುವುಗಳನ್ನು ಓದಿ ಹೇಳುವುದು ನನ್ನ ಕೆಲಸ. ಎಡಕ್ಕೆ ಉದ್ದನೆಯ ತಿರುವು ಬಂದರೆ ಸಾಕು, ಕಾರ್ಬುರೇಟರಿನೊಳಗಿನ ಪೆಟ್ರೋಲ್ ಒಂದು ಪಕ್ಕಕ್ಕೆ ವಾಲಿ, ಎಂಜಿನ್ ಬಾಯಾರಿ ಕೆಮ್ಮುತ್ತಿತ್ತು. "ಇದಕ್ಕೆ ಎಡಗಡೆ ಅಂದ್ರೆ ಆಗಲ್ಲ ಕಣೇ ನೂರಿ" ಎನ್ನುತ್ತಿದ್ದೆ. ಹಾಗಾಗಿ ನಾನು ಪ್ರತಿ ಸಲವೂ, "ಎಡ, ಉದ್ದ, ಪಾದ ಎತ್ತು" ಎಂದು ಕೂಗುತ್ತಿದ್ದೆ. ನೀನು ಎತ್ತುತ್ತಿದ್ದೆ, ಅದು ಕೆಮ್ಮು ನುಂಗುತ್ತಿತ್ತು, ನಾವು ಪಾರಾಗುತ್ತಿದ್ದೆವು. ಎಷ್ಟು ಪಂದ್ಯ ಆ ಎಡ ತಿರುವುಗಳಲ್ಲೇ ಕೈಬಿಟ್ಟು ಹೋದವು!

ಭಾವ ಬಂದ ಮರುವಾರವೇ ಬೆಂಗಳೂರಿನಿಂದ ಒಬ್ಬರು ಕಾರು ಕೇಳಿಕೊಂಡು ಸುಗಟೂರಿಗೆ ಬಂದರು. ಭಾವ ನನ್ನನ್ನೂ ಕರೆಸಿದ್ದರು. ಬಂದವರು ಒಳ್ಳೆಯ ಮನುಷ್ಯರೇ. ಹಳದಿಯ ಒಂದೊಂದು ನಟ್ಟನ್ನೂ ಪ್ರೀತಿಯಿಂದ ಮುಟ್ಟಿ ನೋಡಿದರು. "ಎಲ್ಲಾ ಒರಿಜಿನಲ್. ಏನೂ ಬದಲಾಯಿಸಬೇಡಿ. ಗಾಜಿನ ಹಾಲ್‌ನಲ್ಲಿ ಲೈಟ್ ಹಾಕಿ ನಿಲ್ಲಿಸ್ತೀನಿ" ಎಂದರು.

"ಓಡಿಸ್ತೀರಾ?" ಎಂದು ಭಾವ ಕೇಳಿದರು.

"ಇಲ್ಲ ಸಾರ್. ಇದು ನೋಡೋಕೆ."

ಭಾವ ಅವರಿಗೆ ಕಾಫಿ ಕೊಟ್ಟು, ಯೋಚಿಸಿ ಹೇಳುತ್ತೇನೆಂದು ಕಳಿಸಿದರು. ಆಮೇಲೆ ಶೆಡ್ಡಿನ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು: "ಈಗಿನ ಕಾರುಗಳ ತರ, ಕೀ ತಿರುಗಿಸಿದ್ರೆ ಸಾಕು, ಸ್ಟಾರ್ಟ್ ಆಗ್ಬೇಕು. ಹಂಗೆ ಮಾಡಕ್ಕಾಗುತ್ತಾ?"

ಆಗುತ್ತದೆ ಎಂದೆ. ಕಾರ್ಬುರೇಟರ್ ತೆಗೆದು, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಕೂರಿಸಬಹುದು. ಆದರೆ ಎಂಜಿನ್ ಹೆಡ್ಡಿನಲ್ಲಿ ಗಾಳಿ ಹೋಗುವ ದಾರಿಯನ್ನು ಅಗಲ ಮಾಡಬೇಕು, ಪಂಪ್ ಕೂರಿಸಲು ಟ್ಯಾಂಕ್ ಕೊಯ್ಯಬೇಕು. ಒಂದು ಸಲ ಕೊಯ್ದರೆ ಅದು ಮತ್ತೆ ಮೊದಲಿನ ಕಾರಾಗುವುದಿಲ್ಲ, ಈಗ ಬಂದು ಹೋದವರು ತಿರುಗಿಯೂ ನೋಡುವುದಿಲ್ಲ ಎಂದೂ ಹೇಳಿದೆ.

"ಕೊಯ್ಯಿ" ಎಂದರು. ಶೆಡ್ಡಿನ ಬಾಗಿಲು ಎಳೆದುಕೊಳ್ಳುತ್ತಾ, "ಸದ್ದು ಮಾತ್ರ ಬದಲಾಗ್ಬಾರ್ದು" ಎಂದರು.

ನಿಮಗೆ ಆ ಸದ್ದು ಕಂಡರೆ ಆಗುತ್ತಿರಲಿಲ್ಲವಲ್ಲ ಭಾವ ಎಂದು ಕೇಳಿಯೇಬಿಟ್ಟೆ. ಅವರು ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡರು. "ಆಗ್ತಿರ್ಲಿಲ್ಲ. ಅವಳು ಹೊರಟ ಮೇಲೆ ಅದು ವಾಪಸ್ ಕೇಳೋವರೆಗೂ ನಂಗೆ ಊಟ ಇಳೀತಿರ್ಲಿಲ್ಲ. ಕೆರೆ ಏರಿ ಮೇಲೆ ಸದ್ದು ಬಂತು ಅಂದ್ರೆ ಎದ್ದೋಗಿ ಮುದ್ದೆ ಕಟ್ತಿದ್ದೆ."

ನಿನಗೆ ಇದು ಗೊತ್ತಿತ್ತಾ ಅಕ್ಕಾ? ನಾನು ಎಷ್ಟೋ ಸಲ ನಿನ್ನ ಜೊತೆ ಬಂದು ಆ ಬಿಸಿ ಮುದ್ದೆ ಉಂಡಿದ್ದೇನೆ. ಯಾರು ಕಟ್ಟಿದ್ದು ಎಂದು ಒಂದು ದಿನವೂ ಕೇಳಲಿಲ್ಲ.

ಹಳದಿಯನ್ನು ನಮ್ಮ ಅಂಗಡಿಗೆ ಎಳೆಸಿ ತಂದೆ. ಕಾರ್ಬುರೇಟರ್ ಬಿಚ್ಚುವ ದಿನ ಸ್ಪ್ಯಾನರ್ ಹಿಡಿದು ಸುಮ್ಮನೆ ನಿಂತುಬಿಟ್ಟಿದ್ದೆ. ಅದರ ಸ್ಕ್ರೂಗಳನ್ನು ನೀನು ಕಿವಿ ಕೊಟ್ಟು, ಕಾಲು ಸುತ್ತು, ಅರ್ಧ ಸುತ್ತು ಎಂದು ತಿರುಗಿಸಿ ಕೂರಿಸಿದ್ದೆ. ನಾನು ಬಿಚ್ಚಿದರೆ ನಿನ್ನ ಕೈಕೆಲಸ ಅಲ್ಲಿಗೆ ಮುಗಿಯಿತಲ್ಲ? ಕೊನೆಗೆ ಬಿಸ್ಮಿಲ್ಲಾ ಎಂದು ಬಿಚ್ಚಿದೆ. ಎರಡನ್ನೂ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ.

ಕೆಲಸ ನಾನು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ದೊಡ್ಡ ಬೈಕೊಂದರ ಗುಜರಿ ಎಂಜಿನ್ನಿನಿಂದ ನಾಲ್ಕು ಥ್ರಾಟಲ್ ಬಾಡಿ ತಂದೆ. ಗಾಳಿಯನ್ನು ಅಳೆದು ಒಳಗೆ ಬಿಡುವ ಬಾಗಿಲುಗಳು ಅವು, ಒಂದೊಂದು ಸಿಲಿಂಡರಿಗೆ ಒಂದೊಂದು. ಅವುಗಳನ್ನು ಎಂಜಿನ್ನಿಗೆ ಜೋಡಿಸುವ ಅಲ್ಯೂಮಿನಿಯಂ ಕೊಳವೆಗಳನ್ನು ನಮ್ಮ ಲೇತಿನಲ್ಲೇ ಮಾಡಿದೆ. ಮೊದಲ ಸಲ ಇಂಜೆಕ್ಟರುಗಳ ಓರೆ ತಪ್ಪಿ, ಪೆಟ್ರೋಲೆಲ್ಲ ಕೊಳವೆಯ ಒಳಗೋಡೆಗೆ ಬಡಿದು ತೊಟ್ಟಿಕ್ಕಿತು. ಮತ್ತೆ ಮಾಡಿದೆ. ಈ ವಯಸ್ಸಿನಲ್ಲಿ ಲ್ಯಾಪ್‌ಟಾಪ್ ಕಲಿತೆ ಅಕ್ಕಾ! ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಎಂದು ಈಗ ಅದರಲ್ಲೇ ಬರೆದುಕೊಡಬೇಕು.

ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ಭಾವ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಕೀ ತಿರುಗಿಸಿದೆ, ತಕ್ಷಣ ಹಿಡಿಯಿತು. ನನಗೆ ಕುಣಿಯುವಷ್ಟು ಸಂತೋಷ. ಆದರೆ ಸದ್ದು... ಹೊಲಿಗೆ ಮಿಷನ್ನಿನ ಹಾಗಿತ್ತು. ಕೋಲಾರದ ಧೂಳು ಒಳಗೆ ಹೋಗದಿರಲೆಂದು ನಾಲ್ಕೂ ಬಾಯಿಗೆ ಒಂದೇ ಡಬ್ಬಿ ಮುಚ್ಚಿದ್ದೆ. ಹಳದಿಯ ಉಸಿರು ಅದರೊಳಗೇ ಅಡಗಿಹೋಗಿತ್ತು. ಭಾವ ಒಂದು ನಿಮಿಷ ಕೇಳಿಸಿಕೊಂಡರು. "ಚೆನ್ನಾಗಿದೆಮ್ಮಾ" ಎಂದು, ತರಿಸಿದ್ದ ಟೀ ಕುಡಿಯದೆ ಬಸ್ಸಿಗೆ ಹೋದರು.

ಆ ಡಬ್ಬಿಯನ್ನು ಕಿತ್ತು ಬಿಸಾಕಿದೆ. ನಾಲ್ಕು ಬಾಯಿಗೂ ತುತ್ತೂರಿಯಂತೆ ಅಗಲವಾದ ಕೊಳವೆಯನ್ನು ಲೇತಿನಲ್ಲಿ ಕಡೆದು ಕೂರಿಸಿ, ಒಂದೊಂದಕ್ಕೂ ತೆಳ್ಳನೆಯ ಸ್ಪಂಜಿನ ಟೋಪಿ ಹಾಕಿದೆ. ಭಾವನಿಗೆ ಫೋನ್ ಮಾಡಿದೆ. ಈ ಸಲ ಹಳೇ ಅಂಗಿಯಲ್ಲೇ ಬಂದರು, ಹೆಚ್ಚು ಆಸೆ ಇಟ್ಟುಕೊಳ್ಳದವರ ಹಾಗೆ. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದೆ. ಆ ಗಂಟಲು ತುಂಬಿದ ಗುಟುರು, ಅದೇ ಅಕ್ಕಾ, ಅದೇ! ಬೀದಿಯ ನಾಯಿಗಳು ಎದ್ದು ನಿಂತವು. ಭಾವ ಎಣ್ಣೆ ಡ್ರಮ್ಮಿನ ಮೇಲೆ ಕೂತುಬಿಟ್ಟರು. "ಇನ್ನೊಂದ್ಸಲ" ಎಂದರು. ಇನ್ನೊಂದು ಸಲ ಒತ್ತಿದೆ. "ಇನ್ನೊಂದ್ಸಲ." ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಹೊಗೆ" ಎಂದರು. ಹೊಗೆಯೇನೂ ಇರಲಿಲ್ಲ.

ಹೋದ ತಿಂಗಳು ಹಳೆಯ ಕಾರುಗಳ ಒಂದು ರ‍್ಯಾಲಿ ಇತ್ತು. ಕೋಲಾರದಿಂದ ಮುಳಬಾಗಿಲು, ಅಲ್ಲಿಂದ ಶ್ರೀನಿವಾಸಪುರ, ಮತ್ತೆ ಕೋಲಾರ. ವೇಗದ ಪಂದ್ಯವಲ್ಲ, ಹೇಳಿದ ಜಾಗವನ್ನು ಹೇಳಿದ ಹೊತ್ತಿಗೆ ಮುಟ್ಟಬೇಕು, ಅಷ್ಟೆ. ಭಾವ ಓಡಿಸಿದರು, ನಾನು ಓದಿದೆ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಎಮ್ಮೆ ಕೊಂಬು ಹಿಡಿದ ಹಾಗೆ ಹಿಡಿದಿದ್ದರು. ದೇವರಾಯಸಮುದ್ರ ದಾಟಿ, ಬಂಡೆಗಳ ನಡುವೆ ರಸ್ತೆ ಎಡಕ್ಕೆ ಬಾಗಿದಾಗ ನನ್ನ ಬಾಯಿ ತಾನೇ ಕೂಗಿತು: "ಎಡ, ಉದ್ದ, ಪಾದ ಎತ್ತು!"

ಭಾವ ಎತ್ತಿದರು. "ಯಾಕೆ ಎತ್ಬೇಕು?"

ನಿನಗೆ ಹೇಳಬೇಕಾದದ್ದನ್ನು ಅವರಿಗೆ ಹೇಳಿದೆ. "ಬೇಡ ಭಾವ. ಈಗ ಬೇಡ. ಒತ್ತಿ."

ಅವರು ಒತ್ತಿದರು. ಹಳದಿ ಕೆಮ್ಮಲಿಲ್ಲ. ತಿರುವು ಮುಗಿಯುವವರೆಗೂ ಒಂದೇ ಉಸಿರಿನಲ್ಲಿ ಎಳೆದುಕೊಂಡು ಹೋಯಿತು. ನನಗೆ ಮುಂದಿನ ಸಾಲು ಕಾಣಿಸಲಿಲ್ಲ, ಕಣ್ಣು ಮಂಜಾಗಿತ್ತು. ಒಂದು ತಿರುವು ತಪ್ಪಿ, ಯಾರದೋ ಹಿಪ್ಪುನೇರಳೆ ತೋಟದೊಳಗೆ ನುಗ್ಗಿದೆವು. ತೋಟದಾಕೆ ಕುಡುಗೋಲು ಹಿಡಿದೇ ಬಂದಳು. "ಯಾರ್ದು ಈ ಕಾರು?" ಎಂದು ಜೋರು ಮಾಡಿದಳು.

ಭಾವ ಇಳಿದು ಕೈಮುಗಿದರು. "ನನ್ ಹೆಂಡ್ತಿದಮ್ಮಾ. ರ‍್ಯಾಲಿ ಡ್ರೈವರ್ ಅವಳು. ನಾನು ಈಗ ಕಲೀತಾ ಇದ್ದೀನಿ."

ಕೊನೆಯವರಾಗಿ ಕೋಲಾರ ಸೇರಿದೆವು. ಅಷ್ಟು ಹೊತ್ತಿಗೆ ಶಾಮಿಯಾನ ಬಿಚ್ಚುತ್ತಿದ್ದರು. ಭಾವ ಮೊಣಕಾಲು ನೀವಿಕೊಳ್ಳುತ್ತಾ ಕೀಯನ್ನು ನನ್ನ ಕೈಗೆ ಹಾಕಿದರು. "ಕ್ಲಚ್ಚು ನನ್ ಕೈಲಾಗಲ್ಲ ಕಣಮ್ಮಾ. ಇನ್ಮೇಲೆ ನೀನು ಓಡ್ಸು. ನಾನು ಓದ್ತೀನಿ."

ನಾನು ಓಡಿಸುವುದಾ? ಅಷ್ಟು ವರ್ಷ ನಿನ್ನ ಪಕ್ಕದಲ್ಲಿ ಕೂತೆನೇ ಹೊರತು ಆ ಸ್ಟೀರಿಂಗನ್ನು ಮುಟ್ಟಿದವಳಲ್ಲ. ಆದರೂ ಕೀ ತಗೊಂಡೆ ಅಕ್ಕಾ.

ಈಗ ಭಾನುವಾರ ಭಾನುವಾರ ಮಾಲೂರಿನ ಕಡೆ ಹೋಗುತ್ತೇವೆ. ಭಾವ ತಿರುವುಗಳನ್ನು ಮಂಡಿಯಲ್ಲಿ ಹರಾಜು ಕೂಗುವ ಹಾಗೆ ಕೂಗುತ್ತಾರೆ. ಎಡ ಬಲ ಇನ್ನೂ ಅದಲು ಬದಲಾಗುತ್ತದೆ, ನಾನೇ ರಸ್ತೆ ನೋಡಿಕೊಂಡು ತಿರುಗಿಸುತ್ತೇನೆ. ಮಳೆಗಾಲ ಮುಗಿದ ಮೇಲೆ ಇನ್ನೊಂದು ರ‍್ಯಾಲಿ ಇದೆಯಂತೆ. ಹೆಸರು ಕೊಟ್ಟು ಬಂದಿದ್ದೇವೆ. ಡ್ರೈವರ್ ಎಲ್ಲಮ್ಮಾ ಎಂದು ಯಾರಾದರೂ ಕೇಳಿದರೆ ಈ ಸಲ ಉತ್ತರ ಕೊಡಬೇಕಾದವಳು ನಾನು. ಕೊಡುತ್ತೇನೆ.

ನಿನ್ನ,
ನೂರಿ