ಆರನೇ ಹಂತ

ಮಾರ್ಚ್ 4, ಬೆಳಿಗ್ಗೆ 11
ಹತ್ತೊಂಬತ್ತನೇ ಉತ್ತರಪತ್ರಿಕೆ. ಇನ್ನೂ ಹನ್ನೆರಡು. ನಮ್ಮ ಕಂಪನಿಯ ಮಷಿನ್‌ಗಳಿಗೆ ಮ್ಯಾನ್ಯುಯಲ್ ಬರೆಯಲು ಬೇಕಿರುವುದು ಒಬ್ಬರೇ. ಪರೀಕ್ಷೆ ಇಷ್ಟು: ಆಕ್ಸಿಜನ್ ಮಷಿನ್‌ನ ಫಿಲ್ಟರ್ ಬದಲಿಸುವ ಪುಟವನ್ನು ಮನೆಮಂದಿಗೆ ಅರ್ಥವಾಗುವಂತೆ ತಿದ್ದಿ ಬರೆಯಬೇಕು. ಎಲ್ಲರೂ 'ಅತ್ಯಾಧುನಿಕ'ದಿಂದಲೇ ಶುರು. ತಲೆ ಚಿಟ್ಟು ಹಿಡಿದಿದೆ.

ಮಾರ್ಚ್ 5
ಇಪ್ಪತ್ತಾರನೆಯದು. ನಲವತ್ತೆರಡರ ಹೆಂಗಸು. ಮೂರು ವರ್ಷದಿಂದ ಕೆಲಸವಿಲ್ಲ. ಏಳೇ ವಾಕ್ಯ, ನೀರು ಕುಡಿದಷ್ಟು ಸಲೀಸು. ಅಂಚಿನಲ್ಲಿ ಪೆನ್ಸಿಲ್ ಬರಹ: "ಒಂದನೇ ಹಂತದಲ್ಲಿ ಮಷಿನ್ ಆಫ್ ಮಾಡಿಸಿದ್ದೀರಿ. ರೋಗಿಗೆ ಸಿಲಿಂಡರ್ ಜೋಡಿಸುವುದು ಆರನೇ ಹಂತದಲ್ಲಿದೆ. ಅಲ್ಲಿಯವರೆಗೆ ಅವರು ಉಸಿರಾಡುವುದು ಹೇಗೆ?"
ಮೂರು ಸಲ ಓದಿದೆ. ಆ ಪುಟ ಬರೆದವನು ನಾನು. ಒಂಬತ್ತು ವರ್ಷದ ಹಿಂದೆ. ಇವತ್ತಿಗೂ ಪ್ರತಿ ಮಷಿನ್ ಜೊತೆ ಅದೇ ಹೋಗುತ್ತಿದೆ...

ಮಾರ್ಚ್ 6
ಹೆಂಡತಿಗೆ ತೋರಿಸಿದೆ. "ನಿಮ್ಮಪ್ಪಂಗೆ ಈ ಮಷಿನ್ ಹಾಕಿದ್ರೆ ಹೀಗೇ ಬರೀತಿದ್ರಾ?" ಎಂದಳು.

ಮಾರ್ಚ್ 9
ಇಂಟರ್ವ್ಯೂ. ಇಪ್ಪತ್ತಾರನೇ ಪತ್ರಿಕೆಯ ಹೆಂಗಸು ಬಂದಿದ್ದರು. ಮ್ಯಾನೇಜರ್ ಕೇಳಿದರು, "ಮೂರು ವರ್ಷ ಏನ್ ಮಾಡ್ತಿದ್ರಿ ಮೇಡಂ?"
"ಅತ್ತೆನ ನೋಡ್ಕೋತಿದ್ದೆ ಸರ್. ಈ ಮಷಿನ್ ಮೇಲೇ ಇದ್ರು. ಒಂದಿನ ಪುಸ್ತಕದಲ್ಲಿದ್ದ ಹಾಗೇ ಫಿಲ್ಟರ್ ಬದಲಾಯಿಸೋಕೆ ಹೋದೆ. ಅವರ ತುಟಿ ನೀಲಿಗಟ್ಟಿತು. ಪುಸ್ತಕ ಬಿಸಾಕಿ ಸಿಲಿಂಡರ್ ತರೋಕೆ ಓಡಿದೆ."
"ಆಮೇಲೆ?" ಕೇಳಿದವನು ನಾನು.
"ಉಳ್ಕೊಂಡ್ರು. ಆ ಸಲ."
ಅವರು ಹೊರಗೆ ಹೋದ ಮೇಲೆ ಮ್ಯಾನೇಜರ್, "ಕೆಲಸ ಕೇಳೋಕೆ ಬಂದು ನಮ್ಮ ತಪ್ಪೇ ಎತ್ತಿ ಆಡ್ತಾರಲ್ರೀ! ಬೇಡ. ಇವರಿಗಿಂತ ಮುಂಚೆ ಬಂದಿದ್ಳಲ್ಲ, ಭಾಷೆ ನಯವಾಗಿತ್ತು, ಆ ಹುಡುಗಿನೇ ಇರ್ಲಿ."
ತಲೆಯಾಡಿಸಿದೆ. ನಾಚಿಕೆಗೇಡು.

ಮಾರ್ಚ್ 16
ಒಂದು ವಾರ ಬರೆಯಲು ಮನಸ್ಸಾಗಲಿಲ್ಲ. ಇವತ್ತು ಮ್ಯಾನೇಜರ್ ಮುಂದೆ ಬಾಯಿಬಿಟ್ಟೆ. "ಆ ಪುಟ ಬರೆದೋನು ನಾನು. ತಿದ್ದಿದ ಪುಟ ಮೊದ್ಲು ಎಲ್ಲಾ ಗಿರಾಕಿಗಳಿಗೂ ಹೋಗ್ಬೇಕು. ಕೆಲಸಕ್ಕೆ ಇಪ್ಪತ್ತಾರನೇ ಪತ್ರಿಕೆಯವರೇ ಬೇಕು."
ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ನಿಮ್ಮ ಫೈಲ್‌ಗೆ ಸೇರುತ್ತೆ. ಗೊತ್ತಲ್ಲ?"
"ಸೇರ್ಲಿ ಸರ್."
ಕನ್ನಡಕ ಮತ್ತೆ ಹಾಕಿಕೊಂಡರು. "ಸರಿ, ಪುಟ ಕಳಿಸಿ. ಅವರಿಗೇ ಫೋನ್ ಮಾಡಿ."

ಮಾರ್ಚ್ 17, ಮಧ್ಯಾಹ್ನ 3
ಅವರಿಗೆ ಫೋನ್ ಮಾಡಿದೆ. ಕೆಲಸ ನಿಮಗೇ ಅಂದೆ. ಆ ಪುಟ ನನ್ನದು ಎಂದೂ ಹೇಳಿದೆ.
"ಗೊತ್ತಿತ್ತು ಸರ್. ಪುಸ್ತಕದ ಕೊನೇಲಿ ನಿಮ್ಮ ಹೆಸರಿತ್ತಲ್ಲ. ಅದನ್ನ ನೋಡೇ ಅರ್ಜಿ ಹಾಕಿದ್ದು. ಒಂದೇ ಒಂದು ಮಾತು ಕೇಳ್ಬೇಕಿತ್ತು — ಅದನ್ನ ಬರೆಯೋವಾಗ ಯಾರನ್ನ ನೆನೆಸ್ಕೊಂಡು ಬರೆದ್ರಿ?"
ಯಾರನ್ನೂ ಇಲ್ಲ. ಅದೇ ನಿಜ. ಹಾಗೇ ಹೇಳಿದೆ: "ಯಾರನ್ನೂ ಇಲ್ಲ ಮೇಡಂ. ಈ ಸಲ ನಿಮ್ಮ ಅತ್ತೆನ ನೆನೆಸ್ಕೊಂಡು ಬರೆಯೋಣ."