ತೊಟ್ಟಿಯ ನೀರಿನ ವರದಿ

ಲಾ ಪಾಸ್, ಆಗಸ್ಟ್ ೧೪, ಬುಧವಾರ.

ಮೂರು ವರ್ಷದ ಅಧ್ಯಯನ ಇಂದು ಸಚಿವಾಲಯದ ಸಭೆಯಲ್ಲಿ ಹತ್ತು ನಿಮಿಷದಲ್ಲಿ ಮುಗಿಯಿತು. ಹಳ್ಳಿಯ ನೀರಿನ ತೊಟ್ಟಿಗೆ ಕ್ಲೋರಿನ್ ಹಾಕಿದ ಕಡೆ ಮಕ್ಕಳ ಭೇದಿ ಅರ್ಧಕ್ಕೆ ಇಳಿದಿದೆ, ಮನೆಮನೆಗೆ ಕೊಟ್ಟ ಫಿಲ್ಟರ್‌ಗಳಿಂದ ಏನೂ ಆಗಿಲ್ಲ ಎಂದು ನಾನು ಉಪಮಂತ್ರಿಗೆ ತೋರಿಸಿದೆ.

“ನೆಲಿದಾ ಅವ್ರೇ, ತೊಟ್ಟಿ ಹತ್ರ ನಿಂತು ಯಾರು ಫೋಟೊ ತೆಗೆಸ್ಕೋತಾರೆ? ಫಿಲ್ಟರೇ ಹಂಚೋಣ,” ಎಂದರು ಅವರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದೇ ಈಗ ಚುಚ್ಚುತ್ತಿದೆ.

ಸಂಜೆ ಹಳ್ಳಿಯಿಂದ ಬಾಸಿಲಿಯಾ ಫೋನ್ ಮಾಡಿದಳು. ಭೇದಿಯಿಂದ ತನ್ನ ಮಗು ತೀರಿಕೊಂಡ ವಾರವೂ ಕೂತು ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವಳು.

“ಅಕ್ಕಾ, ನಮ್ಮ ಮಾತು ಅವ್ರಿಗೆ ಮುಟ್ತಾ?”

“ಮುಟ್ಸಿದೆ. ಅವ್ರು ಒಪ್ಲಿಲ್ಲ.”

ಅದಕ್ಕೆ ಅವಳು, “ನಿಮ್ದು ಊಟ ಆಯ್ತಾ?” ಎಂದಳು.

ಆಗಿರಲಿಲ್ಲ. ಈ ಊರಲ್ಲಿ ನನ್ನನ್ನು ಯಾರೂ ಹಾಗೆ ಕೇಳುವುದಿಲ್ಲ. ಆಯ್ತು ಎಂದುಬಿಟ್ಟೆ.